ಶುಗರ್ ಗುಳಿಗೆ ಕೇಳಿದವನು

ನಾನು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದು ನ್ಯಾಮತಿ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ. ಡಿ ಗ್ರೂಪ್ ನೌಕರಿ. ಬೆಳಿಗ್ಗೆ ಬಾಗಿಲು ತೆಗೆಯುವುದು, ಸಾಲು ನಿಲ್ಲಿಸುವುದು, ಚೀಟಿ ಬರೆಯುವುದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆನೆಂದು ಔಷಧಿ ಕಿಟಕಿಯಲ್ಲಿ ಕೈಜೋಡಿಸುವ ಕೆಲಸವೂ ನನಗೇ ಬಂತು. ಫಾರ್ಮಸಿಸ್ಟರು ಚೀಟಿ ಓದಿ ಗುಳಿಗೆ ಎಣಿಸಿಡುತ್ತಿದ್ದರು, ನಾನು ಕಾಗದದ ಕವರಿಗೆ ಹಾಕಿ ಕೊಡುತ್ತಿದ್ದೆ.

ಕಿಟಕಿಗೆ ಬಂದವರು ಯಾರೂ ಔಷಧಿಯ ಹೆಸರು ಹೇಳುತ್ತಿರಲಿಲ್ಲ, ಕಾಯಿಲೆಯ ಹೆಸರು ಹೇಳುತ್ತಿದ್ದರು. ‘ಬಿಪಿ ಗುಳಿಗೆ ಕೊಡ್ರಿ’, ‘ಶುಗರ್ ಗುಳಿಗೆ ಬಂದಾವೇನ್ರಿ’, ‘ಮೊಣಕಾಲು ಗುಳಿಗೆ ಎರಡು ಜಾಸ್ತಿ ಹಾಕ್ರಿ’. ನಾನೂ ಹಾಗೆಯೇ ಕರೆದು ಹಾಗೆಯೇ ಕೊಟ್ಟೆ. ಆ ಗುಳಿಗೆಗಳಿಗೆ ಅವುಗಳದೇ ಹೆಸರಿದೆ, ಅದು ಗುಳಿಗೆ ಕೂರಿಸಿದ ತಗಡಿನ ಪಟ್ಟಿಯ ಬೆನ್ನ ಮೇಲೆ ಅಚ್ಚಾಗಿರುತ್ತದೆ ಎಂದು ಗೊತ್ತಿತ್ತು. ಓದಿ ನೆನಪಿಟ್ಟುಕೊಳ್ಳಬೇಕು ಅನ್ನಿಸಲಿಲ್ಲ. ಜನ ನನ್ನನ್ನು ಕಾಂಪೌಂಡರ್ ಎಂದು ಕರೆಯತೊಡಗಿದಾಗ, ನಾನು ಅದಲ್ಲ ಎಂದು ಒಂದು ದಿನವೂ ಹೇಳಲಿಲ್ಲ. ನಿವೃತ್ತಿಯಾದ ಮೇಲೂ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹಾಗೆ ಕರೆದರೆ ಬೆನ್ನು ನೆಟ್ಟಗಾಗುತ್ತಿತ್ತು.

ನನ್ನ ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ನಾಲ್ಕು, ಅವಳಿಗೆ ಹದಿಮೂರು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳನ್ನು ಜಗಳೂರಿಗೆ ಕೊಟ್ಟರು. ಕೂಲಿ ಮಾಡಿ, ಸ್ವಂತದ ಎರಡು ಎಕರೆಯಲ್ಲಿ ನವಣೆ, ಶೇಂಗಾ ಬೆಳೆದು ಸಂಸಾರ ನಡೆಸಿದಳು. ಬಾಯಿಗೆ ಬಹಳ ಕಟ್ಟುನಿಟ್ಟು. ಯಾರ ಮನೆಗೆ ಹೋದರೂ ಎರಡನೇ ಸಲ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ‘ಹಸಿವು ಇದ್ದೋರ ಮನೇಲಿ ಹುಟ್ಟಿದೋರಿಗೆ ಆಸೆ ಇರಬಾರದು, ಜನ ಆಡ್ಕೊಂತಾರೆ’ ಎಂಬುದು ಅವಳ ಮಾತು. ಹತ್ತು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂದಾಗ, ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚಾಗಿ ಪಥ್ಯ ಮಾಡಿದಳು. ಹಿಂದೆ ಬುದ್ಧನ ದಾರಿಗೆ ಬಂದ ಮನೆಗಳಲ್ಲಿ ನಮ್ಮದೂ ಒಂದು. ಅವಳ ಮನೆಯ ಗೋಡೆಯ ಮೇಲೆ ಮಲಗಿದ ಬುದ್ಧನ ಕ್ಯಾಲೆಂಡರ್ ಚಿತ್ರವೊಂದಿತ್ತು. ವರ್ಷ ಮುಗಿದಾಗ ತಾರೀಖಿನ ಹಾಳೆ ಹರಿದು ಹಾಕಿ ಚಿತ್ರ ಮಾತ್ರ ಉಳಿಸಿಕೊಂಡಿದ್ದಳು. ‘ಮಲಗಿದ್ರೂ ಮುಖ ನೋಡೋ, ಎಚ್ಚರ ಐತೆ’ ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಹೊನ್ನಾಳಿಯಿಂದ ಒಂದು ತಂಡ ಥಾಯ್ಲೆಂಡಿಗೆ ಹೊರಟಿತು. ನಿವೃತ್ತರು, ಅಡಿಕೆ ವ್ಯಾಪಾರದವರು, ನಮ್ಮಂತೆ ಬುದ್ಧನ ಜಾಗ ನೋಡುವ ಆಸೆಯವರು ಸೇರಿ ಇಪ್ಪತ್ತು ಜನ. ನನ್ನ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ, ಇದ್ದ ಒಬ್ಬಳು ಅಕ್ಕನನ್ನಾದರೂ ಕರೆದುಕೊಂಡು ಹೋಗಬೇಕೆನ್ನಿಸಿತು. ಗೋಡೆಯ ಮೇಲಿನ ಆ ಮುಖವನ್ನು ನಿಜವಾಗಿ ತೋರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟೆ.

ಹೊರಡುವುದಕ್ಕೆ ಒಂದು ವಾರ ಮೊದಲು ಟೂರಿನ ಮ್ಯಾನೇಜರು ಹೊನ್ನಾಳಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ದಿನಾ ನುಂಗುವ ಗುಳಿಗೆಗಳನ್ನು ಪಟ್ಟಿ ಸಮೇತ ತನ್ನಿ, ಡಾಕ್ಟರ ಚೀಟಿ ಜೊತೆಗಿರಲಿ, ಔಷಧಿಯ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಕಾಗದಕ್ಕೆ ಬರೆದಿಟ್ಟುಕೊಳ್ಳಿ, ಅಲ್ಲಿ ಹುಷಾರು ತಪ್ಪಿದರೆ ಮೊದಲು ನನಗೆ ಹೇಳಿ, ಟಿಕೆಟ್ಟಿನ ಜೊತೆಗೇ ವಿಮೆ ಮಾಡಿಸಿದ್ದೇವೆ. ಚನ್ನಗಿರಿಯಿಂದ ಬಂದಿದ್ದ ನಿವೃತ್ತ ಮೇಷ್ಟ್ರು ಒಬ್ಬರು ಅದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರು. ನನಗೆ ಇದೆಲ್ಲ ಗೊತ್ತಿರುವ ವಿಷಯವೆಂಬಂತೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ.

ಅಕ್ಕನ ಗುಳಿಗೆ ಪಟ್ಟಿಗಳು ಚೀಲದಲ್ಲಿ ಜಾಗ ತಿನ್ನುತ್ತವೆಂದು ಎಲ್ಲವನ್ನೂ ಬಿಡಿಸಿ ಖಾಲಿ ಇಂಗಿನ ಡಬ್ಬಿಯೊಂದಕ್ಕೆ ತುಂಬಿದವನು ನಾನೇ. ಪಟ್ಟಿಗಳನ್ನು ಒಲೆಗೆ ಹಾಕಿದೆ. ‘ಚೀಟಿ ಬ್ಯಾಡೇನೋ?’ ಎಂದು ಅವಳು ಕೇಳಿದಳು.

‘ನಾನಿದ್ದೀನಲ್ಲಕ್ಕಾ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದೋನು.’

‘ಹಂಗಾದ್ರೆ ಸರಿ. ಇಂಗಿನ ವಾಸನೆಗೇ ಅರ್ಧ ರೋಗ ಓಡಿಹೋಗ್ತೈತೆ’ ಎಂದು ನಕ್ಕಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದ ಯಾರೋ ಇನ್ನಾರಿಗೋ ಹೇಳುತ್ತಿದ್ದರು: ಹೆಸರಿಲ್ಲದ ಬಿಡಿ ಗುಳಿಗೆ ಸಿಕ್ಕರೆ ಆ ದೇಶದಲ್ಲಿ ಒಳಗೆ ಹಾಕುತ್ತಾರೆ. ಅದು ನಿಜವೋ ಸುಳ್ಳೋ ಕೇಳಲಿಲ್ಲ. ಹತ್ತು ಹೆಜ್ಜೆ ಮುಂದೆ ಮ್ಯಾನೇಜರಿದ್ದರು, ಅವರನ್ನೂ ಕೇಳಲಿಲ್ಲ. ಡಬ್ಬಿ ನನ್ನ ಕೈಚೀಲದಲ್ಲಿತ್ತು. ನೀರು ಕುಡಿದು ಬರುತ್ತೇನೆಂದು ಸಾಲು ಬಿಟ್ಟು ಹೋಗಿ, ಕಸದ ಬುಟ್ಟಿಗೆ ಹಾಕಿ ಬಂದೆ. ಅಕ್ಕನಿಗೆ, ‘ಆಫೀಸರ್ರು ತಗೊಂಡ್ರಕ್ಕಾ, ಅಲ್ಲಿ ಹೋದ್ಮೇಲೆ ಕೊಂಡ್ರಾಯ್ತು’ ಎಂದೆ.

ಆ ದೇಶ ಮುಟ್ಟಿದ ದಿನ ಸಂಜೆ, ಯಾರಿಗೂ ಹೇಳದೆ, ಹೋಟೆಲಿನ ಎದುರಿನ ಔಷಧಿ ಅಂಗಡಿಗೆ ಹೋದೆ. ಮ್ಯಾನೇಜರಿಗೆ ಹೇಳಿದರೆ ಡಬ್ಬಿಯ ಕತೆ ಹೊರಬೀಳುತ್ತದೆ. ಡಾಕ್ಟರ ಹತ್ತಿರ ಕಳಿಸುತ್ತಾರೆ, ಅಲ್ಲಿ ಸಾವಿರಗಟ್ಟಲೆ ಕೀಳುತ್ತಾರೆ ಎಂಬ ಹೆದರಿಕೆಯೂ ಇತ್ತು. ವಿಮೆಯ ಮಾತು ನನ್ನ ತಲೆಯಲ್ಲಿ ಉಳಿದೇ ಇರಲಿಲ್ಲ. ಅಂಗಡಿಯಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು ಕೈಮುಗಿದು ಬರಮಾಡಿಕೊಂಡಳು. ನಾನು ನನಗೆ ಬರುವ ಇಂಗ್ಲಿಷಿನಲ್ಲಿ, ‘ಶುಗರ್ ಟ್ಯಾಬ್ಲೆಟ್’ ಎಂದೆ.

ಆಕೆ ಸ್ವಲ್ಪ ಯೋಚಿಸಿ, ‘ಶುಗರ್ ಲೋ?’ ಎಂದು ಕೇಳಿದಳು.

ಇಳಿಸುವುದಕ್ಕಾ ಎಂದು ಕೇಳುತ್ತಿದ್ದಾಳೆ ಅಂದುಕೊಂಡೆ. ಎಷ್ಟು ಬೇಗ ಅರ್ಥವಾಯಿತಲ್ಲ ಎಂದು ಖುಷಿಯಾಗಿ, ‘ಎಸ್, ಎಸ್, ಲೋ, ಲೋ’ ಎಂದು ಅಂಗೈಯನ್ನು ಕೆಳಗೆ ಕೆಳಗೆ ಒತ್ತಿ ತೋರಿಸಿದೆ. ಆಕೆಯ ಮುಖದಲ್ಲಿ ಗಾಬರಿ ಕಾಣಿಸಿತು. ಇನ್ನೂ ಏನೋ ಕೇಳಿದಳು, ನನಗೆ ತಿಳಿಯಲಿಲ್ಲ, ಅದಕ್ಕೂ ಎಸ್ ಎಂದೆ. ಹಳದಿ ಕೊಳವೆಯೊಂದನ್ನು ತಂದು, ಬೆರಳು ಮೂರು ತೋರಿಸಿ, ದವಡೆ ಆಡಿಸಿ, ಅಗಿದು ತಿನ್ನಬೇಕೆಂದು ಹೇಳಿಕೊಟ್ಟಳು. ನಮ್ಮೂರಿನ ದರಕ್ಕಿಂತ ಹೆಚ್ಚೇನೂ ಇರಲಿಲ್ಲ. ಎರಡು ಕೊಳವೆ ಕೊಂಡು, ಗೆದ್ದವನ ಹಾಗೆ ರಸ್ತೆ ದಾಟಿ ಬಂದೆ.

ಆ ಅಂಗಡಿಯಾಕೆಯದು ಏನೇನೂ ತಪ್ಪಿಲ್ಲ. ಸಕ್ಕರೆ ಇಳಿದುಹೋಗಿ ಯಾರಿಗೋ ತಲೆ ತಿರುಗುತ್ತಿದೆ ಎಂದು ತಿಳಿದು, ಅದಕ್ಕೆ ಏನು ಕೊಡಬೇಕೋ ಅದನ್ನು ಕೊಟ್ಟಳು. ಗ್ಲೂಕೋಸಿನ ಬಿಲ್ಲೆ. ನಾನು ಕೇಳಿದ್ದೂ ಅದನ್ನೇ ಅಲ್ಲವೇ? ಶುಗರ್ ಗುಳಿಗೆ ಕೇಳಿದೆ, ಶುಗರ್ ಗುಳಿಗೆ ಸಿಕ್ಕಿತು.

ಮೊದಲ ಬಿಲ್ಲೆ ಬಾಯಿಗೆ ಹಾಕಿಕೊಂಡ ಕೂಡಲೇ ಅಕ್ಕ ಮುಖ ಎತ್ತಿದಳು. ‘ಇದೇನೋ, ಕಿತ್ತಳೆ ಪೆಪ್ಪರಮೆಂಟ್ ಇದ್ದಂಗೆ ಐತೆ! ಸಿಹಿ ಐತಲ್ಲೋ.’

‘ಫಾರಿನ್ ಗುಳಿಗೆ ಅಕ್ಕಾ. ನಮ್ಮಂಗೆ ಕಹಿ ಮಾಡಲ್ಲ ಇವ್ರು. ನುಂಗಾಕೆ ಸುಲಭ ಆಗ್ಲಿ ಅಂತ ಮೇಲೆ ಸಿಹಿ ಹಚ್ಚಿರ್ತಾರೆ.’

‘ಮೇಲಲ್ವೋ, ಒಳಗೂ ಸಿಹಿನೇ ಐತೆ.’

‘ನಿಂಗೆ ಗೊತ್ತೋ ನಂಗೆ ಗೊತ್ತೋ?’

ಅವಳು ಉಳಿದೆರಡನ್ನೂ ಅಗಿದಳು. ಊಟಕ್ಕೆ ಮುಂಚೆ ಮೂರು, ದಿನಕ್ಕೆ ಮೂರು ಹೊತ್ತು. ಮೂರನೆಯ ದಿನಕ್ಕೆ ಅವಳಿಗೆ ಬಾಯಾರಿಕೆ ತಡೆಯದಾಯಿತು. ಬಸ್ಸನ್ನು ನಿಲ್ಲಿಸಿ ನಿಲ್ಲಿಸಿ ಇಳಿಯಬೇಕಾಯಿತು. ಮುದುಕಿಯಾಗಿ ಪದೇ ಪದೇ ಬಸ್ ನಿಲ್ಲಿಸುವುದು ಅವಳಿಗೆ ನಾಚಿಕೆ. ಗುಳಿಗೆ ಸಾಲುತ್ತಿಲ್ಲವೆಂದು ನಾನು ಮೂರಿದ್ದದ್ದನ್ನು ನಾಲ್ಕು ಮಾಡಿದೆ. ಹೀಗೆ ನನ್ನ ಕೈಯಾರೆ ತಿನ್ನಿಸಿದೆ.

ಅದೇ ದಿನ ಮಧ್ಯಾಹ್ನ ಊಟಕ್ಕೆ ಅಲ್ಲಿಯವರು ಮಾಡುವ ಅಂಟು ಅನ್ನ ಬಂತು. ಪಕ್ಕದಲ್ಲಿ ಮಾವಿನಹಣ್ಣಿನ ಹೋಳು, ಮೇಲೆ ತೆಂಗಿನ ಹಾಲು. ಅಕ್ಕ ತಟ್ಟೆ ಸರಿಸಿದಳು. ‘ಇಷ್ಟು ದೂರ ಬಂದು ರುಚೀನೂ ನೋಡ್ದಂಗೆ ಹೋಗ್ತೀಯಾ? ಗುಳಿಗೆ ತಗೊಂಡೀಯಲ್ಲ’ ಎಂದು ನಾನೇ ಒತ್ತಾಯ ಮಾಡಿದೆ. ಅವಳು ಎರಡು ಚಮಚ ತಿಂದಳು. ಎದುರಿಗೆ ಕೂತಿದ್ದ ಮೇಷ್ಟ್ರು, ‘ಅಕ್ಕಾರು ಪಥ್ಯ ಮುರದ್ರು ಬಿಡ್ರಿ!’ ಎಂದು ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು.

ಮಲಗಿದ ಬುದ್ಧನ ಗುಡಿಗೆ ಹೋದದ್ದು ಮರುದಿನ ಬೆಳಿಗ್ಗೆ. ಉದ್ದನೆಯ ಒಳಾಂಗಣದ ಪೂರ್ತಿ ಒಂದೇ ಮೂರ್ತಿ, ಅಡಿಯಿಂದ ಮುಡಿಯವರೆಗೆ ಬಂಗಾರದ ಬಣ್ಣ. ಅಕ್ಕ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ನನ್ನ ತೋಳು ಹಿಡಿದು ಒಳಗೆ ಬಂದಳು. ಮುಖದ ಎದುರಿಗೆ ನಿಲ್ಲಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು.

‘ಮುಖ ಎಲ್ಲೈತೋ ತಮ್ಮಾ?’

‘ಎದುರಿಗೇ ಐತಲ್ಲಕ್ಕಾ.’

‘ಬರೀ ಹಳದಿ ಕಾಣ್ತೈತೆ. ಮಂಜು ಕವಿದಂಗೆ. ಮುಖ ಎಲ್ಲೈತೆ?’

ನಾನು ಅವಳ ಗಲ್ಲ ಹಿಡಿದು ಆ ಕಡೆ ತಿರುಗಿಸಿದೆ. ಅವಳು ತಿರುಗಿದಳು, ಅಲ್ಲಿಯೇ ಕುಸಿದು ಕೂತಳು, ವಾಂತಿ ಮಾಡಿಕೊಂಡಳು. ಗುಡಿಯ ಕಲ್ಲಿನ ನೆಲ. ತನ್ನ ಸೆರಗಿನಿಂದಲೇ ಅದನ್ನು ಒರೆಸಲು ನೋಡುತ್ತಿದ್ದಳು.

ಮ್ಯಾನೇಜರು ಓಡಿ ಬಂದರು. ಅರ್ಧ ಗಂಟೆಯಲ್ಲಿ ಆಸ್ಪತ್ರೆ. ಬೆರಳು ಚುಚ್ಚಿ ನೋಡಿದ ನರ್ಸು ಡಾಕ್ಟರನ್ನು ಕೂಗಿದಳು. ಡ್ರಿಪ್ ಹಾಕಿದರು, ಸೂಜಿ ಕೊಟ್ಟರು. ಮ್ಯಾನೇಜರು ವಿಮೆಯ ಕಾಗದ ತುಂಬಲು ಹೊರಗೆ ಹೋದರು. ಡಾಕ್ಟರು ನನ್ನತ್ತ ತಿರುಗಿ, ಏನು ಔಷಧಿ ಕೊಡುತ್ತಿದ್ದೀರಿ ಎಂದು ಸನ್ನೆಯಲ್ಲಿ ಕೇಳಿದರು. ನಾನು ಜೇಬಿನಿಂದ ಹಳದಿ ಕೊಳವೆ ತೆಗೆದು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ನರ್ಸಿಗೆ ತೋರಿಸಿದರು. ಆಮೇಲೆ ತಮ್ಮ ಫೋನಿನಲ್ಲಿ ಏನೋ ಹೇಳಿ ನನ್ನ ಮುಂದೆ ಹಿಡಿದರು. ಫೋನು ಕನ್ನಡದಲ್ಲಿ ಮಾತಾಡಿತು.

‘ಇದು ಔಷಧಿ ಅಲ್ಲ. ಇದು ಸಕ್ಕರೆ. ರೋಗಿಗೆ ಇದನ್ನು ಯಾರು ನೀಡಿದರು?’

ಆ ದೇಶದವರು ನನ್ನನ್ನು ಕನ್ನಡದಲ್ಲಿ ಕೇಳಿದ್ದು ಆ ಒಂದೇ ಪ್ರಶ್ನೆ. ‘ನಾನು’ ಎಂದೆ. ಫೋನು ಅದನ್ನು ಅವರ ಭಾಷೆಗೆ ಹೇಳಿತು. ಡಾಕ್ಟರು ಬೈಯಲಿಲ್ಲ. ತಲೆಯಾಡಿಸಿ, ಒಂದು ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಔಷಧಿಯ ಹೆಸರು ಬರೆದು ಕೊಟ್ಟರು. ಮೆಟ್‌ಫಾರ್ಮಿನ್. ನನ್ನ ಕಿಟಕಿಯಿಂದ ಸಾವಿರಾರು ಜನಕ್ಕೆ ಕೊಟ್ಟ ಗುಳಿಗೆಯ ಹೆಸರನ್ನು ಆವತ್ತು ಮೊದಲ ಸಲ ಅಕ್ಷರ ಕೂಡಿಸಿ ಓದಿದೆ. ಎರಡು ದಿನದ ಮೇಲೆ ಅದೇ ಹೋಟೆಲಿನ ಎದುರಿನ ಅಂಗಡಿಗೆ ಆ ಕಾಗದ ಒಯ್ದಾಗ, ಅದೇ ಹೆಂಗಸು ಐದು ನಿಮಿಷದಲ್ಲಿ ಪೆಟ್ಟಿಗೆ ತಂದಿಟ್ಟಳು. ಆ ಬಿಲ್ಲೆಗಳಿಗಿಂತಲೂ ಅಗ್ಗವಾಗಿತ್ತು.

ಇಷ್ಟರವರೆಗಿನದು ತಿಳಿಗೇಡಿತನ. ತಪ್ಪೊಪ್ಪಿಗೆ ಎಂದು ಬರೆಯಬೇಕಾದದ್ದು ಇದರ ನಂತರದ ಒಂದು ಮಾತು.

ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗ ತಂಡದ ಐದಾರು ಜನ ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ತೆರೆದೇ ಇತ್ತು, ಅಕ್ಕ ಹಾಸಿಗೆಯ ಮೇಲೆ ಎಚ್ಚರವಾಗಿದ್ದಳು. ಮೇಷ್ಟ್ರು ಎದ್ದು ಬಂದು, ‘ಏನಂತೆ ಕಾಂಪೌಂಡರ್ರೆ?’ ಎಂದರು.

‘ಸಕ್ಕರೆ ಜಾಸ್ತಿ ಆಗೈತಂತೆ ಸಾರ್’ ಎಂದೆ.

‘ನಾ ಹೇಳಲಿಲ್ಲೇನ್ರಿ? ಆ ಮಾವಿನಹಣ್ಣು! ತಟ್ಟೆ ಖಾಲಿ ಮಾಡಿದ್ದು ನಾ ಕಣ್ಣಾರೆ ನೋಡೀನಿ. ಅದೇ ಅಲ್ವಾ?’

ನಾನು ನೆಲ ನೋಡುತ್ತಾ, ‘ಹೂಂ’ ಎಂದೆ.

ಆ ಹೂಂ ಅಕ್ಕನಿಗೆ ಕೇಳಿಸಿತು. ನಾನು ಒಳಗೆ ಹೋದಾಗ ಮೆಲ್ಲಗೆ ಕೇಳಿದಳು: ‘ಎರಡು ಚಮಚಕ್ಕೆ ಇಷ್ಟಾಗ್ತೈತೇನೋ?’ ಆಗಲಾದರೂ ಹೇಳಬಹುದಿತ್ತು. ‘ವಯಸ್ಸಾತಲ್ಲಕ್ಕಾ’ ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಉಳಿದ ಎರಡು ದಿನವೂ ಅಲ್ಲಿಯೇ. ಗುಡಿಗೆ ಮತ್ತೆ ಹೋಗಲಾಗಲಿಲ್ಲ. ಕಣ್ಣು ತಿಳಿಯಾದದ್ದು ಜಗಳೂರಿಗೆ ಮರಳಿ ಎರಡು ವಾರವಾದ ಮೇಲೆ.

ನಾವು ಬರುವ ಮೊದಲೇ ಸುದ್ದಿ ಬಂದಿತ್ತು. ಎರಡು ಚಮಚ ಹೊನ್ನಾಳಿಗೆ ಬರುವಷ್ಟರಲ್ಲಿ ಎರಡು ತಟ್ಟೆಯಾಗಿತ್ತು, ನ್ಯಾಮತಿಗೆ ಬರುವಷ್ಟರಲ್ಲಿ ಅರ್ಧ ಡಜನ್ ಹಣ್ಣಾಗಿತ್ತು. ಮುಂದೆ ಕೆಲವು ತಿಂಗಳಿಗೆ ಹೊನ್ನಾಳಿಯ ನಮ್ಮ ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಊಟ. ಪಂಕ್ತಿಯಲ್ಲಿ ಅಕ್ಕನ ಪಕ್ಕ ನಾನು ಕೂತಿದ್ದೆ. ಪಾಯಸದ ಬಕೀಟು ಅವಳ ಮುಂದೆ ಬಂದಾಗ ಮನೆಯ ಯಜಮಾನ ದೂರದಿಂದಲೇ ಕೂಗಿದ: ‘ಏಯ್, ದೊಡ್ಡವ್ವಗೆ ಹಾಕಬ್ಯಾಡ್ರಪ್ಪಾ! ಹಾಕಿದ್ರೆ ವಿಮಾನ ತರಿಸಬೇಕಾಗ್ತೈತೆ!’

‘ವಿಮಾನದ ತುಂಬ ಮಾವಿನಹಣ್ಣೂ ತರಿಸು!’ ಎಂದಳು ಇನ್ನೊಬ್ಬಳು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕೆಟ್ಟ ಮನಸ್ಸಿನಿಂದಲ್ಲ, ಸಲಿಗೆಯಿಂದ. ಅಕ್ಕನೂ ನಕ್ಕಳು. ನಕ್ಕು, ಅನ್ನ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದಳು. ಎಪ್ಪತ್ತೆಂಟು ವರ್ಷ ಎಲೆಯ ಮೇಲೆ ಕೈ ಅಡ್ಡ ಹಿಡಿದು ಉಳಿಸಿಕೊಂಡಿದ್ದ ಹೆಸರು. ನಾನು ಪಕ್ಕದಲ್ಲಿ ಪಾಯಸ ಉಣ್ಣುತ್ತಿದ್ದೆ.

ಆಮೇಲೆ ಅವಳು ಯಾವ ಊಟಕ್ಕೂ ಬರಲಿಲ್ಲ. ಮೊಮ್ಮಗಳ ನಿಶ್ಚಿತಾರ್ಥಕ್ಕೂ, ಮಂಡಿ ನೋವೆಂದು ಹೇಳಿ, ಹೋಗಲಿಲ್ಲವಂತೆ. ಯುಗಾದಿಗೆ ಬೇವು ಮಾತ್ರ ತಿಂದು ಬೆಲ್ಲ ಎತ್ತಿಡುತ್ತಾಳೆಂದು ಅವಳ ಸೊಸೆ ಫೋನಿನಲ್ಲಿ ಹೇಳಿದಾಗ, ಆಸ್ಪತ್ರೆಯವರ ಧಾಟಿಯಲ್ಲಿ ‘ಒಳ್ಳೇದೇ ಬಿಡವ್ವಾ’ ಎಂದುಬಿಟ್ಟೆ. ಅಕ್ಕ ಮಾತ್ರ ಎಂದಿನ ಹಾಗೆ ಪ್ರತಿ ಭಾನುವಾರ ನನಗೆ ಫೋನ್ ಮಾಡುತ್ತಿದ್ದಳು. ‘ಉಂಡ್ಯಾ? ಏನು ಮಾಡ್ಕೊಂಡಿದ್ದೆ?’ ಅಷ್ಟೇ. ಲೋಕದಲ್ಲಿ ನನ್ನನ್ನು ಉಂಡೆಯಾ ಎಂದು ಕೇಳುವ ಜೀವ ಅದೊಂದೇ. ಆ ದನಿ ಕೇಳಲಾಗದೆ ನಾನೇ ಎತ್ತುವುದನ್ನು ಕಡಿಮೆ ಮಾಡಿದೆ. ಫೋನ್ ಮಂಚದ ಮೇಲೆ ಹೊಡೆದುಕೊಳ್ಳುತ್ತಿದ್ದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ನಿಂತು ಬಂದ ಮೇಲೆ ಇಡೀ ವಾರ ಮಾತಾಡಲು ಯಾರೂ ಇರುತ್ತಿರಲಿಲ್ಲ. ಒಮ್ಮೆ ಹಾಲಿನವನಿಗೆ ಉತ್ತರ ಕೊಡಲು ಹೋದರೆ ದನಿಯೇ ಹೊರಡಲಿಲ್ಲ.

ಈ ವರ್ಷ ಚಳಿಗಾಲದಲ್ಲಿ ಒಂದು ದಿನ ಬಸ್ ಹತ್ತಿ ಜಗಳೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ‘ಸತ್ತೀಯೇನೋ ಅಂದ್ಕೊಂಡಿದ್ದೆ, ಫೋನ್ ಎತ್ತಾಕೇನು ಧಾಡಿ?’ ಎಂದು ಮೊರ ನನ್ನ ಕಡೆ ದೂಡಿದಳು. ನಾನೂ ಸುಲಿಯುತ್ತಾ ಕೂತು, ಇಂಗಿನ ಡಬ್ಬಿಯಿಂದ ಹಿಡಿದು ಹೂಂ ಎಂದದ್ದರವರೆಗೆ ಎಲ್ಲ ಹೇಳಿದೆ. ಅವಳ ಕೈ ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಮುಗಿದ ಮೇಲೆ ನಿಂತಿತು.

‘ಹಂಗಾದ್ರೆ ನನ್ನ ಬಾಯಿದಲ್ಲ ಅದು.’

‘ಅಲ್ಲಕ್ಕಾ.’

‘ನಾ ಕೇಳಿದ್ದೆ ನಿನ್ನ. ಎರಡು ಚಮಚಕ್ಕೆ ಇಷ್ಟಾಗ್ತೈತಾ ಅಂತ. ಆವತ್ತಿಂದ ಒಂದು ಹರಳು ಬೆಲ್ಲ ನೋಡಿದ್ರೂ ನನ್ನ ಮ್ಯಾಲೆ ನನಗೇ ಹೇಸಿಗೆ ಆಗ್ತಿತ್ತು, ಗೊತ್ತೇನು?’

ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

‘ನನ್ನ ಕಾಲು ಯಾಕೆ ಹಿಡೀತಿ? ನಾನೇನು ನಕ್ಕಿದ್ನಾ? ನಕ್ಕೋರಿಗೆ ಹೋಗಿ ಹೇಳು. ಹೇಳಿ ಆಮೇಲೆ ಬಾ.’

ಸೊಸೆ ಒಳಗಿನಿಂದ ಚಹಾ ತಂದಳು. ಅಕ್ಕ ಎದ್ದು ಒಳಗೆ ಹೋದವಳು ನಾನು ಹೊರಡುವವರೆಗೆ ಹೊರಗೆ ಬರಲಿಲ್ಲ.

ಮೊದಲು ಚನ್ನಗಿರಿಗೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಜಗಳೂರಿನ ನಮ್ಮ ಅಕ್ಕನ ವಿಷಯ ಎಂದಾಗ ಗುರುತು ಹತ್ತಲಿಲ್ಲ, ಆಮೇಲೆ, ‘ಓ, ಮಾವಿನಹಣ್ಣಿನ ಅಕ್ಕಾರಾ!’ ಎಂದರು. ಅವಳಿಗೆ ಅದೇ ಹೆಸರಾಗಿಬಿಟ್ಟಿತ್ತು. ನಾನು ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ತೆಗೆದರು. ‘ಶುಗರ್ ಗುಳಿಗೆ ಅಂದ್ರೆ ಶುಗರ್ರೇ ಕೊಟ್ಟಾಳೇನ್ರಿ! ಭಲೇ ಕಾಂಪೌಂಡರ್ರೆ!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು, ಒಳಗಿದ್ದ ಹೆಂಡತಿಯನ್ನು ಕರೆದು ಮತ್ತೊಮ್ಮೆ ಹೇಳಿಸಿದರು. ನಕ್ಕು ಸುಸ್ತಾದ ಮೇಲೆ ಕನ್ನಡಕ ಮತ್ತೆ ಹಾಕಿಕೊಂಡು, ‘ಪಾಪ, ಅಷ್ಟು ಜನರ ಮುಂದೆ ಆ ಹೆಣ್ಣುಮಗಳಿಗೆ ನಾನೇ ಅಂದೆನಲ್ರೀ’ ಎಂದರು.

ಹೊನ್ನಾಳಿಯ ನೆಂಟರ ಮನೆಯಲ್ಲೂ ನಕ್ಕರು. ‘ಬಿಡು ಮಾವ, ಯಾವ ಕಾಲದ್ದೋ, ಯಾರು ನೆನಪಿಟ್ಕೊಂಡಾರೆ’ ಎಂದ ಯಜಮಾನ. ನೆನಪಿಟ್ಟುಕೊಂಡವಳು ಒಬ್ಬಳಿದ್ದಾಳೆ ಎಂದೆ. ಅವನು ಮಾತು ಬದಲಿಸಿದ. ನಾನು ಮೆಟ್ಟಿಲಿಳಿಯುವಾಗ ಒಳಗೆ ಯಾರೋ ‘ಸಕ್ಕರೆ ಕಾಂಪೌಂಡರ್’ ಎಂದದ್ದು ಕೇಳಿಸಿತು.

ಆ ಸಂಜೆ ಅಕ್ಕನಿಗೆ ನಾನೇ ಫೋನ್ ಮಾಡಿದೆ.

‘ಹೇಳಿದೆ ಅಕ್ಕಾ. ಚನ್ನಗಿರೀಲೂ ಹೇಳಿದೆ, ಹೊನ್ನಾಳೀಲೂ ಹೇಳಿದೆ.’

‘ಏನಂದ್ರು?’

‘ನಕ್ಕರು.’

‘ಯಾರಿಗೆ ನಕ್ಕರು?’

‘ನನಗೆ.’

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ‘ಹಂಗಾದ್ರೆ ಸರಿಯಾಗಿ ಹೇಳೀಯ’ ಎಂದು ಫೋನ್ ಇಟ್ಟಳು. ಉಂಡೆಯಾ ಎಂದು ಕೇಳಲಿಲ್ಲ. ಅಲ್ಲಿಂದ ಈಚೆಗೆ ಎಷ್ಟೋ ಭಾನುವಾರಗಳು ಹೋದವು, ಅವಳ ಫೋನ್ ಬಂದಿಲ್ಲ. ಈಗ ನಾನು ಹಿತ್ತಲಿಗೆ ಹೋಗುವುದಿಲ್ಲ, ಮಂಚದ ಪಕ್ಕವೇ ಕೂತಿರುತ್ತೇನೆ.

ಆ ಪಂಕ್ತಿಯಲ್ಲಿ ಕೂತಿದ್ದವರೆಲ್ಲರ ಮನೆಗೂ ಹೋಗುವ ಶಕ್ತಿ ನನ್ನ ಕಾಲಿಗಿಲ್ಲ. ಅವರ ಹೆಸರುಗಳೂ ಗೊತ್ತಿಲ್ಲ. ಅದಕ್ಕೇ ಬರೆದೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ನನ್ನ ಅಕ್ಕ ತಿಂದದ್ದು ಎರಡೇ ಚಮಚ, ಅದೂ ನಾನು ಒತ್ತಾಯ ಮಾಡಿದ್ದಕ್ಕೆ.